ಅಣ್ಣನ ಪಾತ್ರದ ಚೀಟಿ

ದೀಪಾವಳಿ ರಜೆಗೆ ಬೆಂಗಳೂರಿನಿಂದ ಬಂದ ಮಗಳು ನಮ್ಮೂರು ಮೇಲವಂಕಿಯ ಮನೆಗೆ ಹೊಸದೊಂದು ಆಟ ತಂದಳು. ಪಗಡಿಯಂತೆ ಹಾಸಿಲ್ಲ, ಚಕ್ಕಾಬಾರಾದಂತೆ ಮನೆಗಳಿಲ್ಲ. ಒಬ್ಬರು ಕತೆ ಹೇಳಬೇಕು. ಉಳಿದವರು ಒಂದೊಂದು ಪಾತ್ರ ಹಿಡಿದು ‘ನಾನು ಬಾಗಲಾ ಒದೀತೀನಿ’, ‘ನಾನು ಗಿಡದ ಮರಿಗೆ ನಿಂದರತೀನಿ’ ಎಂದು ಬಾಯಿಮಾತಿನಲ್ಲೇ ಆಡಬೇಕು. ಎಣಿಸಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಲ್ಲಿ ಈ ಬಗೆಯ ಆಟವನ್ನು ಅಚ್ಚು ಹಾಕಿಸಿ ಪೇಟೆಗೆ ಬಿಟ್ಟರು. ಅದರ ಪೀಳಿಗೆ ಇಂದು ಲೆಕ್ಕಕ್ಕೆ ಸಿಗದಷ್ಟಿದೆ.

ವಿವರಣೆ ಮುಗಿಯುವುದರೊಳಗೆ ಅಣ್ಣ ನಕ್ಕುಬಿಟ್ಟ. “ಇದರಾಗ ಹೊಸಾದೇನೈತಿ ತಮ್ಮಾ? ಭಾಗವತ ಅದಾನ, ದೂತಿ ಅದಾಳ. ಪಾರಿಜಾತ ಅಲ್ಲೇನ ಇದು?”

ಅಣ್ಣನೆಂದರೆ ನಮ್ಮ ಕಾಕಾನ ಮಗ. ಹುಟ್ಟಿನಿಂದಲೇ ಕಣ್ಣಿಲ್ಲ. ಅವನ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟಕ್ಕೆ ರಂಗದ ಮೇಲೆ ಜೀವ ತುಂಬಿದ ತಮ್ಮಣ್ಣನ ಕುಲಗೋಡ ನಮ್ಮ ಸೀಮೆಯದೇ. ಅದಕ್ಕೆ ಹೆಸರು ತಂದ ನಿಂಗಮ್ಮನ ಕೌಜಲಗಿಯೂ ಹತ್ತಿರವೇ. ನಾರದ ತಂದ ಒಂದು ಹೂವು ರುಕ್ಮಿಣಿಯ ಪಾಲಾಯಿತೆಂದು ಸತ್ಯಭಾಮೆ ಮುನಿಯುವ ಕತೆ ಎಲ್ಲರಿಗೂ ಬಾಯಿಪಾಠ. ಹಾಡು ಬದಲಾಗುವುದಿಲ್ಲ. ಆದರೆ ಹಾಡಿನ ನಡುವೆ ಭಾಗವತನೂ ದೂತಿಯೂ ಕೆಣಕಾಡಿಕೊಳ್ಳುವ ಮಾತು ಆ ರಾತ್ರಿಯದು, ಆ ಊರಿನದು. ಅಣ್ಣ ಬೆಳತನಕ ಕೂತು ಬಯಲಾಟ ಕೇಳಿದವನು. ವೇಷ ಅವನಿಗೆ ಯಾವಾಗಲೂ ದನಿಯಲ್ಲೇ ಇತ್ತು. ಆದ್ದರಿಂದ ಮಕ್ಕಳ ಜೊತೆ ಆಡಲು ಕೂತರೆ ಅವನೇ ಮೇಲು: ಕಾಡಿನ ಕಳ್ಳನನ್ನು ಮಾತಿನಲ್ಲೇ ಮಣಿಸಿ, ಬುತ್ತಿಯನ್ನೂ ಕಸಿದುಕೊಂಡು ಕಳಿಸಿದ.

ತೊಡಕಾದದ್ದು ಆಟದಲ್ಲಲ್ಲ, ಪುಸ್ತಕದಲ್ಲಿ. ಮಗಳೂ ಅವಳ ಗೆಳತಿಯರೂ ಸೇರಿ ನಿಯಮಗಳನ್ನು ಕನ್ನಡಕ್ಕೆ ತಂದು ಒಂದು ಡಿಟಿಪಿ ಅಂಗಡಿಯಲ್ಲಿ ಪುಟ ಕಟ್ಟಿಸಿದ್ದರು. ಕಪ್ಪು ಹಾಳೆಯ ಮೇಲೆ ರಕ್ತಗೆಂಪು ಅಕ್ಷರ, ಪುಟಕ್ಕೆರಡು ಕಾಲಂ, ಹಿಂದೆ ಡ್ರ್ಯಾಗನ್ನಿನ ನೆರಳು. ನೋಡಲು ಭಾರೀ ಚಂದ. ಅಣ್ಣ ಪಿಡಿಎಫ್ ತರಿಸಿಕೊಂಡು ಫೋನಿಗೆ ಓದಲು ಹೇಳಿದ. ಅಕ್ಷರಗಳು ಯೂನಿಕೋಡ್ ಆಗಿರಲಿಲ್ಲ, ಹಳೆಯ ಪದ್ಧತಿಯ ಫಾಂಟಿನವು. ಅದರಲ್ಲಿ ‘ಕನ್ನಡ’ ಎಂಬುದು ನಮ್ಮ ಕಣ್ಣಿಗಷ್ಟೇ ಕನ್ನಡ; ಒಳಗೆ ಕೂತಿರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಹೀಗೆ ಇನ್ನೂ ಕೆಲವು. ಫೋನು ಬಡಪಾಯಿ, ಇದ್ದದ್ದನ್ನು ಇದ್ದಂತೆ ಓದಿತು.

“ಕನ್ನಡದಾಗ ಪೌಂಡ್ ಎಲ್ಲಿಂದ ಬಂತವಾ?” ಎಂದು ಅಣ್ಣ ಮಗಳನ್ನು ಕೇಳಿದ. ಅವಳ ಮುಖ ನೋಡುವಂತಿತ್ತು.

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದೆ. ಆದರೂ ಪುಟ ಕಟ್ಟುವವರಲ್ಲಿ ಹಳೆಯ ಫಾಂಟು ಬಿಡದವರಿದ್ದಾರೆ. ಎಲ್ಲವನ್ನೂ ಪರಿವರ್ತಿಸಿದ್ದಾಯಿತು. ಆಗ ಎರಡನೆಯ ರಗಳೆ ಹೊರಬಿತ್ತು: ಫೋನು ಎಡ ಕಾಲಮ್ಮಿನ ಅರ್ಧ ಸಾಲಿಗೆ ಬಲ ಕಾಲಮ್ಮಿನ ಅರ್ಧ ಸಾಲು ಅಂಟಿಸಿ ಓದಿ, ಮಾಂತ್ರಿಕನ ಕೈಗೆ ಕುದುರೆಯ ಬೆಲೆ ಕಟ್ಟಿತು. ಕಾಲಂ ಕಿತ್ತು ಒಂದೇ ಪಟ್ಟಿಯಲ್ಲಿ ಬರೆದರು. ತಲೆಬರಹಗಳಿಗೆ ತಲೆಬರಹವೆಂದೇ ಗುರುತು ಹಾಕಿದರು. ಈಗ ಅಣ್ಣ ಬೇಕಾದ ಅಧ್ಯಾಯಕ್ಕೆ ಬೆರಳಾಡಿಸಿ ಜಿಗಿಯುತ್ತಾನೆ. ಚಿತ್ರವಿದ್ದಲ್ಲಿ ಎರಡು ಸಾಲಿನ ವರ್ಣನೆ ಸೇರಿಸಿದರು. ‘ಕೆಂಪು ಎಂದರೆ ಅಪಾಯ’ ಎಂದಿದ್ದಲ್ಲಿ ‘ಅಪಾಯ’ ಎಂದೇ ಬರೆದರು. ಅಚ್ಚಿನ ಪ್ರತಿಗೆ ಬಿಳಿ ಹಾಳೆ, ದಪ್ಪ ಅಕ್ಷರ. ಅರವತ್ತು ದಾಟಿದ ನಾನೂ ಕನ್ನಡಕ ಹುಡುಕದೆ ಅದನ್ನು ಓದಿದೆ.

ಆಡುವವರು ತಮ್ಮ ಪಾತ್ರದ ವಿವರ ಬರೆದಿಟ್ಟುಕೊಳ್ಳುವ ಚೀಟಿಯನ್ನು ಮಾತ್ರ ಅಣ್ಣ ತಾನೇ ಮಾಡಿಕೊಂಡ. ಬೆಳಗಾವಿಯ ಅಂಧ ಮಕ್ಕಳ ಶಾಲೆಯಲ್ಲಿ ಕಲಿತ ಬ್ರೈಲ್ ಕೈಯಲ್ಲಿ ಇನ್ನೂ ಹಸಿಯಾಗಿದೆ. ಸ್ಲೇಟಿನ ಕಿಂಡಿಗಳಲ್ಲಿ ದಪ್ಪ ಹಾಳೆ ಸಿಕ್ಕಿಸಿ, ಮೊಳೆಯಂಥ ಕಡ್ಡಿಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗುತ್ತಾನೆ. ಹಾಳೆ ಮಗುಚಿದರೆ ಚುಕ್ಕೆಗಳು ಮೇಲೆದ್ದು ಎಡದಿಂದ ಬಲಕ್ಕೆ ಸರಿಯಾಗಿ ಓದಿಸಿಕೊಳ್ಳುತ್ತವೆ. ಆರು ಚುಕ್ಕೆಗಳಲ್ಲಿ ಒಂದನೆಯದೂ ಮೂರನೆಯದೂ ಎದ್ದರೆ ‘ಕ’. ದೇಶದ ಭಾಷೆಗಳಿಗೆಲ್ಲ ಹೊಂದುವ ಈ ಭಾರತಿ ಬ್ರೈಲ್ 1951ರದು. ಏಟು ಬಿದ್ದಾಗ ಚೀಟಿಯ ವೃತ್ತಗಳಿಗೆ ಮಸಿ ತುಂಬಬೇಕೆಂಬ ನಿಯಮವನ್ನು ಅವನು ಒಪ್ಪಲಿಲ್ಲ. ಎರಡು ಬಟ್ಟಲು, ಒಂದಿಷ್ಟು ಹುಣಸೆಬೀಜ. ಏಟಿಗೊಂದು ಬೀಜ ಆಚೆಗೆ. ಮಕ್ಕಳೂ ಪೆನ್ಸಿಲು ಬಿಟ್ಟು ಬೀಜಕ್ಕೆ ಬಂದರು.

ಇಪ್ಪತ್ತು ಮುಖದ ದಾಳದ ಅಂಕಿ ಬೆರಳಿಗೆ ಸಿಗದಷ್ಟು ಸಣ್ಣದು. ಬ್ರೈಲ್ ದಾಳಗಳು ಹೊರದೇಶದಲ್ಲಿವೆ. ನಮ್ಮಲ್ಲಿ ಅತ್ತಿಗೆ ಅಡುಗೆಮನೆಯ ಮಾಡದಿಂದ ನಾಲ್ಕು ಕವಡಿ ತಂದಿಟ್ಟಳು. ಬಾಯಿ ಮೇಲಾದವನ್ನು ಅಂಗೈಯೇ ಎಣಿಸುತ್ತದೆ. ನಾಲ್ಕೂ ಮಗುಚಿಬಿದ್ದರೆ ಎಂಟು. ಕವಡಿ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆಂದು ಹಿಡಿದರೆ ಹದಿನಾರರಲ್ಲಿ ಆರು ಸಲ ಎರಡೇ ಬೀಳಬೇಕು. ನಾಲ್ಕಕ್ಕೂ ಎಂಟಕ್ಕೂ ಒಂದೊಂದೇ ಸಲ. ದಾಳದಲ್ಲಿ ಎಲ್ಲ ಅಂಕಿಗೂ ಒಂದೇ ಬೆಲೆ. ಎಂಟು ಬಿದ್ದಾಗ ಮನೆ ತುಂಬ ಏಳುವ ಕೇಕೆ ಕೇಳಿದ ಮೇಲೆ, ಕತೆಗೆ ಕವಡಿಯೇ ವಾಸಿ ಅನ್ನುತ್ತೇನೆ.

ಆಟ, ಕತೆ, ಬಯಲಾಟದ ಪ್ರತಿಗಳನ್ನು ಅಚ್ಚು ಹಾಕಿಸುವವರಲ್ಲಿ ಒಂದು ಮಾತು. ಅಂಗವಿಕಲರಿಗಾಗಿ ಪುಸ್ತಕವನ್ನು ಓದಬಲ್ಲ ರೂಪಕ್ಕೆ ತರುವುದಕ್ಕೆ ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ 2013ರ ಮರಾಕೇಶ್ ಒಪ್ಪಂದವನ್ನು ಎಲ್ಲರಿಗಿಂತ ಮೊದಲು, 2014ರಲ್ಲೇ, ಸ್ಥಿರೀಕರಿಸಿದ ದೇಶ ನಮ್ಮದು. ಪುಸ್ತಕದ ಜೊತೆಗೊಂದು ಯೂನಿಕೋಡ್ ಕಡತ ಕೊಡಿ. ಅಚ್ಚಿಗೆ ಕಳಿಸುವ ಮುಂಚೆ ಅದನ್ನು ಫೋನಿಗೆ ಓದಿಸಿ, ಪುಟ ನೋಡದೆ ಒಮ್ಮೆ ಕೇಳಿ.