ಪುರಾವೆ ಎಲ್ಲಿ?

ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಆಡಿಟ್‌ನವರು ಬರುತ್ತಾರೆಂದರೆ ಕೆಲವರಿಗೆ ಆ ವಾರ ಊಟ ಸೇರುವುದಿಲ್ಲ. ಟೆಕ್ನಾಲಜಿ ರಿಸ್ಕ್ ವಿಭಾಗದಲ್ಲಿರುವ ನಾನು ಇದನ್ನು ನೋಡುತ್ತಲೇ ಇರುತ್ತೇನೆ. "ಸ್ಕ್ರೀನ್‌ಶಾಟ್ ಕಳಿಸಿದೀನಲ್ಲ ಸಾರ್?" "ಅದರಲ್ಲಿ ತಾರೀಖು ಕಾಣ್ತಿಲ್ಲಮ್ಮ, ಇನ್ನೊಂದು ಸಲ ತೆಗೆದು ಕಳಿಸು." ಹೊರಗಿನವರಿಗೆ ಇದು ಬರೀ ಕಾಟ ಅನ್ನಿಸಬಹುದು. ಆದರೆ ತಾರೀಖಿಲ್ಲದ ಚಿತ್ರ ಯಾವತ್ತಿನದೋ ಏನೋ! ಮಾರ್ಚ್ ಕೊನೆಯ ದಿನ ಒಂದು ಸರ್ವರ್‌ಗೆ ಯಾರಿಗೆಲ್ಲ ಆಕ್ಸೆಸ್ ಇತ್ತು ಎಂಬುದು ನಮಗೆ ಬೇಕು.

ನಮ್ಮ ಕೆಲಸದ ಮುಕ್ಕಾಲು ಪಾಲು ಇಂಥ ಸಣ್ಣ ಪ್ರಶ್ನೆಗಳೇ. ಕೆಲಸ ಬಿಟ್ಟವರ ಲಾಗಿನ್ ಮುಚ್ಚಿದಿರಾ? ಕೋಡ್ ಬರೆದವರೇ ಅದನ್ನು ಲೈವ್‌ಗೆ ಹಾಕಿದರಾ? ಬ್ಯಾಕಪ್ ತೆಗೆಯುತ್ತೀರಿ ಸರಿ, ಅದರಿಂದ ಡೇಟಾ ವಾಪಸ್ ಬರುತ್ತದೆಯೇ ಎಂದು ಎಂದಾದರೂ ನೋಡಿದ್ದೀರಾ?

ಸಣ್ಣ ಪ್ರಶ್ನೆಯ ಬೆಲೆ ಗೊತ್ತಾಗಬೇಕಾದರೆ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ರಕರಣ ನೆನೆಯಬೇಕು. ಮುಂಬೈನ ಬ್ರೇಡಿ ಹೌಸ್ ಶಾಖೆಯಿಂದ ವಜ್ರದ ವ್ಯಾಪಾರಿಗಳ ಪರವಾಗಿ ವರ್ಷಗಟ್ಟಲೆ ಖಾತರಿಪತ್ರಗಳು ಬ್ಯಾಂಕುಗಳ ನಡುವಿನ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ ವಿದೇಶಗಳಲ್ಲಿದ್ದ ಬ್ಯಾಂಕ್ ಶಾಖೆಗಳಿಗೆ ಹೋದವು. ಸ್ವಿಫ್ಟ್‌ಗೂ ಬ್ಯಾಂಕಿನ ಮುಖ್ಯ ಲೆಕ್ಕದ ವ್ಯವಸ್ಥೆಗೂ ಕೊಂಡಿಯೇ ಇರಲಿಲ್ಲ. ಅಲ್ಲಿಂದ ಹೊರಟದ್ದು ಇಲ್ಲಿ ದಾಖಲಾಗಲಿಲ್ಲ. 2018ರ ಜನವರಿಯಲ್ಲಿ ಆ ವ್ಯಾಪಾರಿಗಳ ಕಡೆಯವರು ಮತ್ತೆ ಖಾತರಿಪತ್ರ ಕೇಳಿಕೊಂಡು ಬಂದಾಗ ಶಾಖೆಯವರು ಪೂರ್ತಿ ನಗದು ಮಾರ್ಜಿನ್ ಇಡಿ ಎಂದರು. ಹಿಂದೆಲ್ಲ ಇಡದೆಯೇ ಸಿಕ್ಕಿತ್ತಲ್ಲ ಎಂಬ ಉತ್ತರ ಬಂತು. ದಾಖಲೆ ತೆಗೆದು ನೋಡಿದರೆ ಅಂಥದ್ದೇನೂ ಇಲ್ಲ. ಫೆಬ್ರವರಿಯಲ್ಲಿ ಬ್ಯಾಂಕು ಷೇರುಪೇಟೆಗೆ ತಿಳಿಸಿದ ಮೊತ್ತ ಸುಮಾರು 11,400 ಕೋಟಿ ರೂಪಾಯಿ! ಸ್ವಿಫ್ಟ್ ದುರ್ಬಳಕೆಯ ಬಗ್ಗೆ 2016ರ ಆಗಸ್ಟ್‌ನಿಂದ ಕನಿಷ್ಠ ಮೂರು ಸಲ ಬ್ಯಾಂಕುಗಳನ್ನು ಎಚ್ಚರಿಸಿದ್ದಾಗಿ ರಿಸರ್ವ್ ಬ್ಯಾಂಕ್ ಹೇಳಿತು. ಎಚ್ಚರಿಕೆಯ ಪತ್ರ ಬರುವುದು ಬೇರೆ, ಅದರಂತೆ ನಡೆದಿದೆಯೇ ಎಂದು ಯಾರಾದರೂ ಕೂತು ನೋಡುವುದು ಬೇರೆ. ಇಲ್ಲಿ ನೋಡಿದ್ದು ಹಣ ಹೋದ ಮೇಲೆ; ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಬ್ಯಾಂಕಿನ ಮಾತು ಬಂದಾಗ ನನಗೆ ಬಹಳ ಹಿಡಿಸಿದ ನಿಯಮವೊಂದನ್ನು ಹೇಳಬೇಕು. ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ಮುನ್ಸೂಚನೆ ಕೊಡದೆ ವರ್ಷಕ್ಕೊಮ್ಮೆ ಕನಿಷ್ಠ 10 ಕೆಲಸದ ದಿನ ರಜೆಯ ಮೇಲೆ ಕಳಿಸಬೇಕು ಎನ್ನುತ್ತದೆ ರಿಸರ್ವ್ ಬ್ಯಾಂಕ್. ಅವರ ಕುರ್ಚಿಯಲ್ಲಿ ಬೇರೆಯವರು ಕೂತರೆ ಇದೇನು, ಅದೇಕೆ ಎಂಬ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ರಜೆಯನ್ನೇ ಕಾವಲಿಗೆ ಹಚ್ಚಿದ ಈ ಜಾಣತನಕ್ಕೆ ಕೈಮುಗಿಯುತ್ತೇನೆ.

ನಷ್ಟವಾಗಲು ಕಳ್ಳತನವೇ ಆಗಬೇಕೆಂದಿಲ್ಲ. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟಿನ ಕಂಪನಿಯಲ್ಲಿ ಹೊಸ ಕೋಡ್ 8 ಸರ್ವರ್‌ಗಳಿಗೆ ಹೋಗಬೇಕಿತ್ತು, ಒಂದಕ್ಕೆ ಹೋಗಲಿಲ್ಲ. ಇನ್ನೊಬ್ಬರು ನೋಡಬೇಕೆಂಬ ಲಿಖಿತ ನಿಯಮವೂ ಇರಲಿಲ್ಲ. 2012ರ ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆಯುವ ಮೊದಲೇ ದೋಷ ಸೂಚಿಸುವ 97 ಇಮೇಲ್‌ಗಳು ಸಿಬ್ಬಂದಿಗೆ ಹೋಗಿದ್ದವು; ಯಾರೂ ಅತ್ತ ಗಮನ ಕೊಡಲಿಲ್ಲ. ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತು. ಎಂಜಿನಿಯರುಗಳು ದಡ್ಡರಾಗಿದ್ದರೆಂದು ನಾನು ಹೇಳಲಾರೆ. ಎಷ್ಟೇ ಜಾಣರಾದರೂ ತಾವೇ ಮಾಡಿದ ಕೆಲಸದಲ್ಲಿ ಬಿಟ್ಟುಹೋದದ್ದು ಅವರ ಕಣ್ಣಿಗೆ ಬೀಳುವುದು ಕಷ್ಟ.

ಆದ್ದರಿಂದ ಒಂದು ಕೋರಿಕೆ. ನಿಮ್ಮ ತಂಡದ ಆಕ್ಸೆಸ್ ಪಟ್ಟಿ ಮೂರು ತಿಂಗಳಿಗೊಮ್ಮೆ ನಿಮ್ಮ ಮುಂದೆ ಬಂದಾಗ ಎಲ್ಲರನ್ನೂ ಒಟ್ಟಿಗೆ ಅನುಮೋದಿಸುವ ಬಟನ್ ಒತ್ತಬೇಡಿ. ಒಂದೊಂದೇ ಹೆಸರು ಓದಿ. ಬೇರೆ ವಿಭಾಗಕ್ಕೆ ಹೋದವರ ಹೆಸರು ಅದರಲ್ಲಿದ್ದರೆ, ದಯವಿಟ್ಟು ಅವತ್ತೇ ತೆಗೆಸಿ.