ಕೆರೆಯಂಚಿನ ಲೆಕ್ಕ

ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳಿಗೆ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಗೆ, ನೀರುಹಕ್ಕಿ ನೋಡಲು ಹೋಗುತ್ತೇನೆಂದರೆ ಬೆಂಗಳೂರಿನ ಗೆಳೆಯರು ನಗುತ್ತಾರೆ. ಬರಗಾಲದ ಸುದ್ದಿ ಬಂದಾಗಷ್ಟೇ ಅವರಿಗೆ ಈ ಊರುಗಳ ಹೆಸರು ಕಿವಿಗೆ ಬೀಳುವುದು. ಅವರ ನಗುವಿನಲ್ಲಿ ತಪ್ಪೇನಿಲ್ಲ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆ ಹಾದು ಉತ್ತರ ಪಿನಾಕಿನಿಗೆ ಸೇರುತ್ತದೆ. ವರ್ಷದ ಹೆಚ್ಚಿನ ತಿಂಗಳು ಅದರಲ್ಲಿ ಕಾಣುವುದು ಮರಳು. ಆದರೆ ಇಲ್ಲಿನವರು ನೀರನ್ನು ಹೊಳೆಯಲ್ಲಿ ಹುಡುಕಿದವರೇ ಅಲ್ಲ. ಗುಡ್ಡದಿಂದ ಇಳಿದು ಬರುವ ಮಳೆನೀರಿಗೆ ಅಡ್ಡಲಾಗಿ ಏರಿ ಕಟ್ಟಿ, ಒಂದು ಕೆರೆ ಕೋಡಿ ಬಿದ್ದರೆ ಮುಂದಿನ ಕೆರೆ ತುಂಬುವಂತೆ ಸಾಲು ಹೆಣೆದವರು. ಕರಾವಳಿಯವರಿಗೆ ಕೊಲ್ಲಿ, ಅಳಿವೆ ಇದ್ದಂತೆ ಈ ಬಯಲುಸೀಮೆಗೆ ಕೆರೆ. ಹಕ್ಕಿಗಳೂ ಅದನ್ನು ಹಾಗೆಯೇ ತಿಳಿದಿವೆ.

ಕಳೆದ ಏಪ್ರಿಲ್‌ನಲ್ಲಿ ಶಿರಾ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ಸೋದರಮಾವನ ಮನೆಗೆ ಹೋಗಿದ್ದೆ. ಕಗ್ಗಲಡುವಿನ ಕೊಕ್ಕರೆಗಳನ್ನು ನೋಡಬೇಕು ಅಂದಾಗ ಮಾವ, "ಅದಕ್ಕೂ ಮುಂಚೆ ತಾತನ್ನ ಮಾತಾಡಿಸು" ಎಂದು ಪಕ್ಕದ ಮನೆಯ ಜಗಲಿಗೆ ಕರೆದುಕೊಂಡು ಹೋದರು. ತಾತನಿಗೆ ಎಂಬತ್ತು ದಾಟಿದೆ. ವಯಸ್ಸಿನಲ್ಲಿ ಊರ ಕೆರೆಯಲ್ಲಿ ಬಾತು, ನೀರುಕೋಳಿ ಹಿಡಿಯುತ್ತಿದ್ದವರಲ್ಲಿ ಉಳಿದಿರುವುದು ಅವರೊಬ್ಬರೇ.

"ಬೇಟೆ ಗೀಟೆ ಅನ್ನಬ್ಯಾಡ ಮಗಾ. ಬೇಟೆ ಅಂದ್ರೆ ದೊರೆಗಳ್ದು. ನಮ್ದು ಹೊಟ್ಟೆಪಾಡು" ಎಂದೇ ಅವರು ಮಾತು ಶುರು ಮಾಡಿದ್ದು. ಬಂದೂಕು ಅವರು ಮುಟ್ಟಿದವರಲ್ಲ. ಕುದುರೆಬಾಲದ ಕೂದಲಿನ ಉರುಲು, ಒಂದು ಬಲೆ, ಇಷ್ಟೇ ಸಲಕರಣೆ. ದೀಪಾವಳಿ ಕಳೆದು ಚಳಿ ಹಿಡಿದ ಮೇಲೆ ಬಾತುಗಳು ಬಂದಿಳಿಯುತ್ತಿದ್ದವಂತೆ. "ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಯ್ತದಲ್ಲ, ಅದ್ರ ಜತೇಲೇ ಅವೂ ಓಗ್ಬಿಡವು." ಎಲ್ಲಿಗೆ ಹೋಗುತ್ತಿದ್ದವು ಎಂದು ಕೇಳಿದೆ. ಬಡಗಣ ದಿಕ್ಕಿಗೆ ಕೈ ಎತ್ತಿ ಸುಮ್ಮನಾದರು.

ಆಮೇಲೆ ಅವರು ಹೇಳಿದ್ದು ನನ್ನ ಕೈಯಲ್ಲಿದ್ದ ಹಕ್ಕಿಪುಸ್ತಕದ ವಿಂಗಡಣೆಗೆ ಸರಿಯಾಗಿ ಹೊಂದುತ್ತಿತ್ತು. ಬಾತಿನಲ್ಲಿ ಎರಡು ಜಾತಿ: ಪೂರಾ ಮುಳುಗಿ ಏಳುವವು, ತಲೆ ಮಾತ್ರ ಅದ್ದಿ ಬಾಲ ಮೇಲೆತ್ತುವವು. ಮುಳುಗುವವು ಏರಿಯ ಕಡೆ, ಆಳದ ನೀರಿನಲ್ಲಿ. ಬಾಲ ಎತ್ತುವವು ಕೆರೆ ಹಿಂದಿನ ತೆಳುನೀರಿನಲ್ಲಿ. ನಾಮದ ಕೋಳಿ ಜೊಂಡಿನ ಬದಿಗೆ. ಕೊಕ್ಕರೆ ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿಯುವುದಿಲ್ಲ. ನೀರು ದಿನಕ್ಕೆಷ್ಟು ಹಿಂದೆ ಸರಿಯುತ್ತದೆ, ಸರಿದ ಜಾಗದ ಕೆಸರಿನಲ್ಲಿ ಏನು ಸಿಗುತ್ತದೆ, ಅದಕ್ಕೆ ಯಾವ ಹಕ್ಕಿ ಬರುತ್ತದೆ, ಎಲ್ಲವೂ ಅವರಿಗೆ ಬಾಯಿಪಾಠ. ಮೊಟ್ಟೆ ಇಡುವ ಕಾಲದಲ್ಲಿ ಯಾರೂ ಉರುಲು ಒಡ್ಡುತ್ತಿರಲಿಲ್ಲ ಎಂದೂ ಹೇಳಿದರು. ಹಸಿದ ಊರಿನಲ್ಲಿ ಎಲ್ಲರೂ ಆ ಮಾತಿಗೆ ನಿಂತಿದ್ದರು ಎಂದು ನಾನು ನಂಬುವುದಿಲ್ಲ. ಆದರೆ ಅಂಥದ್ದೊಂದು ಮಾತು ಇತ್ತು ಅನ್ನುವುದೂ ಸಣ್ಣದಲ್ಲ.

ಬೇಟೆ ಅಂದರೆ ದೊರೆಗಳದ್ದು ಎಂಬ ತಾತನ ಮಾತು ಆ ರಾತ್ರಿ ನನ್ನನ್ನು ಕೊರೆಯಿತು. ರಾಜಸ್ಥಾನದ ಭರತಪುರದಲ್ಲಿ 1938ರ ನವೆಂಬರ್‌ನ ಒಂದೇ ದಿನ ವೈಸ್‌ರಾಯ್ ಲಿನ್‌ಲಿತ್‌ಗೋ ಅವರ ತಂಡ ಹೊಡೆದುರುಳಿಸಿದ ಹಕ್ಕಿಗಳ ಸಂಖ್ಯೆ 4,273. ಅಲ್ಲಿ ಅಂಥ ಷಿಕಾರಿಗಳ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿಸಿಟ್ಟಿದ್ದಾರೆ. ಈಗ ಅದು ರಾಷ್ಟ್ರೀಯ ಉದ್ಯಾನ. ಪ್ರವಾಸಿಗರು ಆ ಕಲ್ಲಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅಮೆರಿಕದ ಚೆಸಾಪೀಕ್ ಕೊಲ್ಲಿಯ ದಡದಲ್ಲಿ, ಬಾತುಗಳನ್ನು ಮರುಳುಗೊಳಿಸಲು ಬೇಟೆಗಾರರು ನೀರಿನಲ್ಲಿ ತೇಲಿಬಿಡುತ್ತಿದ್ದ ಮರದ ಬಾತುಗಳಿಗೆಂದೇ ಒಂದು ಮ್ಯೂಸಿಯಂ ಇದೆ. ಆ ದೇಶದಲ್ಲಿ 1934ರಿಂದ ಬಾತುಬೇಟೆಯವರು ಕಡ್ಡಾಯವಾಗಿ ಒಂದು ಸ್ಟಾಂಪು ಕೊಳ್ಳಬೇಕು. ಆ ಹಣದಿಂದ ಸರ್ಕಾರ ಜೌಗುನೆಲ ಕೊಂಡು ಹಕ್ಕಿಗಳಿಗೆ ಬಿಡುತ್ತದೆ. ನಮ್ಮ ದೊಡ್ಡ ಪಕ್ಷಿತಜ್ಞ ಸಲೀಂ ಅಲಿ ಕೂಡ ಹಕ್ಕಿಗಳ ಲೋಕಕ್ಕೆ ಬಂದದ್ದು ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದ ಒಂದು ಗುಬ್ಬಿಯ ದಾರಿಯಲ್ಲಿ. ಅವರ ಸಲಹೆಯ ಮೇಲೆಯೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಕನ್ನಡನಾಡಿಗೂ ಬೇಟೆಯ ನೆನಪು ಉಳಿಸಿಕೊಳ್ಳಲು ಬರುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕಾಡುಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ನಾಯಿಗೆ ಹತ್ತನೆಯ ಶತಮಾನದಲ್ಲೇ ಕಲ್ಲು ನಿಂತಿತು. ಆದರೆ ಕೆರೆಯಂಚಿನಲ್ಲಿ ಉರುಲು ಒಡ್ಡಿ ಕೂತವರಿಗೆ ಕಲ್ಲೂ ಇಲ್ಲ, ಮ್ಯೂಸಿಯಮ್ಮೂ ಇಲ್ಲ. ಹಕ್ಕಿ ಹಿಡಿಯುವುದನ್ನೇ ಕುಲಕಸುಬಾಗಿ ಮಾಡಿಕೊಂಡಿದ್ದ ಹಕ್ಕಿಪಿಕ್ಕಿಗಳನ್ನು ನೋಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಲೈಸೆನ್ಸ್ ಪಡೆದು ಬೇಟೆಯಾಡಲು ಇನ್ನೂ ಅಷ್ಟಿಷ್ಟು ಜಾಗವಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಅವರು ಗಿಡಮೂಲಿಕೆ ಎಣ್ಣೆ, ಮಣಿಸರ ಮಾರಲು ಊರೂರು ತಿರುಗಿದರು, ಕೆಲವರು ಆಫ್ರಿಕಾದವರೆಗೂ ಹೋದರು. 2023ರಲ್ಲಿ ಸುಡಾನಿನ ಯುದ್ಧದ ನಡುವೆ ಕರ್ನಾಟಕದ ಹಕ್ಕಿಪಿಕ್ಕಿಗಳು ಸಿಕ್ಕಿಬಿದ್ದಾಗಲೇ ಅವರು ಅಲ್ಲಿದ್ದಾರೆಂದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಾದದ್ದು.

ಬೇಟೆ ನಿಂತದ್ದು ಒಳ್ಳೆಯದೇ. ಇವತ್ತಿನ ಜನಸಂಖ್ಯೆಗೆ, ಇವತ್ತಿನ ನೈಲಾನ್ ಬಲೆಗೆ ಯಾವ ಕೆರೆಯೂ ತಡೆಯಲಾರದು. ಆದರೆ ದೊರೆಯ ಬೇಟೆ ಪರಂಪರೆ ಅನ್ನಿಸಿಕೊಂಡು ಬಡವನ ಬೇಟೆ ಬರೀ ಕಳ್ಳತನವಾಗಿ ಉಳಿದರೆ, ಕಳೆದುಹೋಗುವುದು ಬಡವನ ಮರ್ಯಾದೆಯೊಂದೇ ಅಲ್ಲ. ಅವನಿಗೆ ಏನು ಗೊತ್ತಿತ್ತು ಎಂದು ಕೇಳುವ ಅಭ್ಯಾಸವೂ ತಪ್ಪಿಹೋಗುತ್ತದೆ.

ಮರುದಿನ ಬೆಳಗ್ಗೆ ಮಾವನ ಬೈಕಿನಲ್ಲಿ ಕಗ್ಗಲಡುವಿಗೆ ಹೋದೆವು. ಶಿರಾಕ್ಕೆ ಹತ್ತಿರದ ಹಳ್ಳಿ. ಮನೆಗಳ ನಡುವೆಯೇ ದೊಡ್ಡ ಹುಣಸೆಮರಗಳು, ಅವುಗಳ ನೆತ್ತಿಯ ಮೇಲೆ ಬಣ್ಣದ ಕೊಕ್ಕರೆ ಮತ್ತು ಬೂದು ಬಕಗಳ ಗೂಡು. 1990ರ ದಶಕದ ಕೊನೆಯ ಹೊತ್ತಿಗೆ ತುಮಕೂರಿನ ನಿಸರ್ಗಾಸಕ್ತರ ಮೂಲಕ ಈ ಊರು ಹೊರಗಿನವರಿಗೆ ತಿಳಿಯಿತು. ಹಳದಿ ಕೊಕ್ಕು, ಕಿತ್ತಳೆ ಮುಖ, ಬಾಲದ ಬಳಿ ಯಾರೋ ಗುಲಾಲು ಎರಚಿದಂಥ ಗುಲಾಬಿ ಗರಿ. ದೊಡ್ಡ ಕೊಕ್ಕರೆಗಳಿಗೆ ಹೆಚ್ಚುಕಡಿಮೆ ದನಿಯೇ ಇಲ್ಲ, ಕೊಕ್ಕು ಬಡಿದು ಸದ್ದು ಮಾಡುತ್ತವೆ ಅಷ್ಟೆ; ಗಲಾಟೆಯೆಲ್ಲ ಮರಿಗಳದ್ದು. ಹತ್ತು ಗಂಟೆಯ ಬಿಸಿಲಿಗೆ ತಾಯಿಯೋ ತಂದೆಯೋ ರೆಕ್ಕೆ ಬಿಡಿಸಿ ಮರಿಗಳಿಗೆ ನೆರಳು ಹಿಡಿದು ನಿಂತಿತ್ತು. ಇನ್ನೊಂದು ಹಕ್ಕಿ ಗಂಟಲಲ್ಲಿ ತುಂಬಿಕೊಂಡು ತಂದ ನೀರನ್ನು ಮರಿಗಳ ಮೇಲೆ ಸುರಿಯಿತು.

ಮರದ ಕೆಳಗೆ ಹಿಕ್ಕೆ, ಜಾರಿಬಿದ್ದ ಮೀನು, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಈ ಸೀಮೆಯಲ್ಲಿ ಹುಣಸೆ ಅಂದರೆ ರೊಕ್ಕ. ಕೊಕ್ಕರೆ ಕೂತ ಮರ ಬಡಿಯಲು ಆಗುವುದಿಲ್ಲ. ಅಂಗಳ ಗುಡಿಸುತ್ತಿದ್ದ ಹೆಂಗಸೊಬ್ಬರನ್ನು ಇದನ್ನೇ ಕೇಳಿದೆ. "ಬಾಣಂತನಕ್ಕೆ ಬಂದಿರೋರ್ನ ಎಬ್ಬಿಸಕಾಯ್ತದಾ?" ಅಂದರು. ಮತ್ತೆ ಪೊರಕೆ ಹಿಡಿದು, "ಕೆರ್ಯಾಗೆ ನೀರಿಲ್ದ ವರ್ಷ ಅವೇ ಬರಕಿಲ್ಲ. ಅವಾಗ ನಮ್ಗೂ ಇಲ್ಲ, ಅವಕ್ಕೂ ಇಲ್ಲ" ಎಂದರು.

ಅವರ ಆ ಎರಡನೆಯ ಮಾತು ನನಗೆ ಹೆಚ್ಚು ಮುಖ್ಯವಾಗಿ ಕಂಡಿತು. ಹುಣಸೆಮರ ಕೊಕ್ಕರೆಗೆ ತೊಟ್ಟಿಲು ಮಾತ್ರ. ಅಡುಗೆಮನೆ ಇರುವುದು ಸುತ್ತಲಿನ ಕೆರೆಗಳಲ್ಲಿ. ಬಣ್ಣದ ಕೊಕ್ಕರೆ ಮೀನನ್ನು ಕಣ್ಣಿನಿಂದ ನೋಡಿ ಹಿಡಿಯುವುದು ಕಡಿಮೆ. ಅರೆ ತೆರೆದ ಕೊಕ್ಕನ್ನು ನೀರಿನಲ್ಲಿಟ್ಟು ಅತ್ತಿತ್ತ ಆಡಿಸುತ್ತ ನಡೆಯುತ್ತದೆ, ಮೀನು ತಾಗಿದ ಕೂಡಲೇ ಕೊಕ್ಕು ಮುಚ್ಚುತ್ತದೆ. ಹೀಗೆ ಬದುಕುವ ಹಕ್ಕಿಗೆ ನಡೆಯಲು ನೆಲ ಸಿಗುವ ತೆಳುನೀರು ಬೇಕು, ಆ ನೀರಿನಲ್ಲಿ ಮೀನು ಒತ್ತೊತ್ತಾಗಿರಬೇಕು. ಬೇಸಿಗೆಯಲ್ಲಿ ಕೆರೆ ಬತ್ತುತ್ತ ಬಂದಂತೆ ಮೀನು ಒಂದೆಡೆ ಸೇರುತ್ತದೆ. ನಾವು ಕೆರೆ ಸಾಯುತ್ತಿದೆ ಅಂದುಕೊಳ್ಳುವ ದಿನಗಳಲ್ಲೇ ಕೊಕ್ಕರೆ ಮರಿ ಸಾಕಿಕೊಳ್ಳುತ್ತದೆ.

ಸಂಜೆ ಊರಿಗೆ ಮರಳಿದಾಗ ಜಗಲಿಯಲ್ಲಿ ಬೇರೆಯೇ ಮಾತು ನಡೆದಿತ್ತು. ಊರ ಕೆರೆಯ ಹೂಳೆತ್ತಬೇಕು, ಜೆಸಿಬಿ ಬರುತ್ತದೆ, ಉದ್ದಗಲಕ್ಕೂ ಒಂದೇ ಆಳಕ್ಕೆ ತೆಗೆದುಬಿಟ್ಟರೆ ಎರಡು ಪಟ್ಟು ನೀರು ನಿಲ್ಲುತ್ತದೆ ಎಂದು ಹುಡುಗರು ಲೆಕ್ಕ ಹಾಕುತ್ತಿದ್ದರು. ಮಾವ ಕೂಡ ಅವರ ಪರ. ಅವರ ಬೋರ್‌ವೆಲ್ ಎರಡು ಬೇಸಿಗೆಯಿಂದ ಕೈಕೊಟ್ಟಿದೆ, ಕಡಲೆಕಾಯಿ ಹೊಲ ಬೀಳು ಬಿದ್ದಿದೆ. ಹಕ್ಕಿಗಾಗಿ ನೀರು ಬಿಡಿ ಎಂದು ಅವರಿಗೆ ಹೇಳುವ ಬಾಯಿ ನನಗೆಲ್ಲಿಂದ ಬರಬೇಕು?

ಮಾತಾಡಿದ್ದು ತಾತ. ಕೋಲಿನಿಂದ ಮಣ್ಣಿನಲ್ಲಿ ಕೆರೆಯ ಗೀಟು ಎಳೆದರು. "ಏರಿ ಮಗ್ಗುಲು ಎಷ್ಟಾರ ತೆಗೀರಿ, ಬ್ಯಾಡ ಅನ್ನಕಿಲ್ಲ. ಇತ್ಲಾಗೆ ಮೂಡ್ಲು ಅಂಚು ಮಾತ್ರ ಇಳಿಜಾರಾಗೇ ಇರ್ಲಿ. ಹೊಂಡ ಮಾಡಿದ್ರೆ ದನ ನೀರಿಗೆ ಇಳಿಯಾಕಾಗಕಿಲ್ಲ. ಮೀನು ಮೊಟ್ಟೆ ಇಕ್ಕೋದೂ ಅಲ್ಲೇಯ, ಹಕ್ಕಿ ಮೇಯೋದೂ ಅಲ್ಲೇಯ."

ಹುಡುಗರಲ್ಲೊಬ್ಬ, "ಹಕ್ಕಿ ಮೇಯೋ ಜಾಗ ನಿಂಗೆಂಗೆ ಗೊತ್ತು ತಾತಾ?" ಎಂದು ಕೀಟಲೆಯ ದನಿಯಲ್ಲಿ ಕೇಳಿದ. ತಾತ ಉತ್ತರ ಕೊಡಲಿಲ್ಲ. ಉರುಲಿನ ವಿಷಯ ನಿನ್ನೆ ನನ್ನ ಹತ್ತಿರ ಹೇಳಿಕೊಂಡಷ್ಟು ಸಲೀಸಾಗಿ ಊರ ಹುಡುಗರೆದುರು ಹೇಳಲು ಅವರಿಗೆ ಆಗಲಿಲ್ಲವೇನೋ. ತುಂಬ ಹೊತ್ತು ಕೋಲಿನ ತುದಿಯನ್ನೇ ನೋಡುತ್ತಿದ್ದರು.

ಮಾವ ಎದ್ದು ಬಂದು ಆ ಗೀಟಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. "ಯಾವ ಕಲ್ಲಿಂದ ಯಾವ ಕಲ್ಲಿಗೆ ಬಿಡ್ಬೇಕು, ಸರಿಯಾಗಿ ತೋರ್ಸು" ಎಂದರು. ತಾತ ತೋರಿಸತೊಡಗಿದರು. ಹೊಂಗೆಮರದಿಂದ ಹಳೇ ತೂಬಿನ ಕಲ್ಲಿನವರೆಗೆ, ಅಲ್ಲಿಂದ ಜೊಂಡು ಬೆಳೆಯುವ ಮೂಲೆಗೆ. ಮಾವ ನನ್ನ ಕಡೆ ತಿರುಗಿ, "ಬರ್ಕೊ. ಗ್ರಾಮಸಭೇಲಿ ಬೇಕಾಯ್ತದೆ" ಅಂದರು.

ಬರೆದುಕೊಂಡೆ. ಹಕ್ಕಿಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಆ ಕೆರೆಯ ನಕ್ಷೆ ಈಗಲೂ ಇದೆ. ಆಳಕ್ಕೆ ಒಂದು ಗುರುತು, ತೆಳುನೀರಿಗೆ ಒಂದು ಗುರುತು, ಯಾವ ಹಕ್ಕಿ ಎಲ್ಲಿ ಎಂಬುದಕ್ಕೆ ತಾತ ಹೇಳಿದ ಹೆಸರುಗಳು. ಅವುಗಳಲ್ಲಿ ಮೂರು ಹೆಸರು ಯಾವ ಹಕ್ಕಿಯವು ಎಂದು ನನಗಿನ್ನೂ ಹೊಂದಿಸಲಾಗಿಲ್ಲ. ಚಳಿಗಾಲದಲ್ಲಿ ಮತ್ತೆ ಹೋಗಬೇಕು, ತಾತನನ್ನು ಏರಿಯ ಮೇಲೆ ಕೂರಿಸಿಕೊಂಡು ಒಂದೊಂದನ್ನೇ ಕೇಳಬೇಕು.