ಹಿಮ್ಮೇಳದಲ್ಲೊಂದು ಜಾಗ

ಜಾತ್ರೆಯ ದಿನಗಳಲ್ಲಿ ಬೆಳಗಾವಿಯ ಆಫೀಸು ಬಿಟ್ಟು ಬಸ್ಸು ಹತ್ತುವಾಗ ನನ್ನ ಚೀಲದಲ್ಲಿ ಎರಡೇ ವಸ್ತು: ಒಂದು ಕೌದಿ, ಒಂದು ಜೋಡಿ ತಾಳ. ಖಾನಾಪುರ ತಾಲೂಕು ಅಂದರೆ ಕಣಕುಂಬಿಯ ಕಡೆ ಕಾಡು, ಮಳೆ, ಮರಾಠಿ. ಪಾರಿಶ್ವಾಡ, ಇಟಗಿಯ ಕಡೆ ಹೊಲ, ರೊಟ್ಟಿ, ಸಣ್ಣಾಟ. ಪಾರಿಶ್ವಾಡ ನನ್ನ ಸೋದರಮಾವನ ಊರು. ಅಲ್ಲಿ 'ಸಂಗ್ಯಾ ಬಾಳ್ಯಾ' ಸಣ್ಣಾಟ ಆಡಿದರೆ ಹಿಮ್ಮೇಳದ ತುದಿಯಲ್ಲಿ ನನಗೊಂದು ಜಾಗ.

ಕತೆ ಮಗ್ಗುಲಿನ ಬೈಲಹೊಂಗಲದ್ದು. ಕಟ್ಟಿದವರು ಪತ್ತಾರ ಮಾಸ್ತರು ಅನ್ನುತ್ತಾರೆ. ಘೋಡಗೇರಿಯ ಚಂದ್ರಶೇಖರ ಕಂಬಾರರು ಸಂಪಾದಿಸಿ ಪುಸ್ತಕ ಮಾಡಿದರು. 1992ರಲ್ಲಿ ಸುಂದರಕೃಷ್ಣ ಅರಸ್ ಸಿನಿಮಾ ಮಾಡಿದರು. ಪುಸ್ತಕ ನನ್ನಲ್ಲೂ ಇದೆ. ಓದುವಾಗ ಏನೋ ಕಡಿಮೆ ಬೀಳುತ್ತದೆ. ತಾಳ, ಇನ್ನೇನು.

ಹೆಸರುಗಳನ್ನೇ ನೋಡಿ. ಹಗಲಿನಲ್ಲಿ ಸಂಗ್ಯಾನಂಥ ಉಳ್ಳವನನ್ನು 'ಸಂಗಪ್ಪ ಸಾವುಕಾರ್ರ' ಅನ್ನದೆ ಯಾರು ಕರೆದಾರು? ಆಟದಲ್ಲಿ ಅವನು ಸಂಗ್ಯಾ. ವ್ಯಾಪಾರಸ್ಥ ಈರಪ್ಪ ಈರ್ಯಾ. ಕೈಖಾಲಿ ಬಾಳಪ್ಪ ಬಾಳ್ಯಾ. ನಮ್ಮ ನಾಲಿಗೆ ಒಂದು ರಾತ್ರಿಯ ಮಟ್ಟಿಗೆ ಎಲ್ಲರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸುತ್ತದೆ. ಈರ್ಯಾನ ಹೆಂಡತಿ ಗಂಗಿಯ ಮೇಲೆ ಸಂಗ್ಯಾ ಮನಸ್ಸಿಟ್ಟ, ಅಲ್ಲಿಂದ ಆಟ. ಗೆರೆ ದಾಟಿದ್ದು ಆ ಇಬ್ಬರೇ ಎಂದು ಬಹಳ ವರ್ಷ ತಿಳಿದಿದ್ದೆ. ಹಿಮ್ಮೇಳದಲ್ಲಿ ಕೂತ ಮೇಲೆ, ಇನ್ನೊಂದು ಗೆರೆ ಸಂಗ್ಯಾ, ಬಾಳ್ಯಾ ಎಂಬ ಗೆಳೆಯರಿಬ್ಬರ ನಡುವೆಯೇ ಕಂಡಿತು. ಆಸೆ ಸಂಗ್ಯಾನದು, ತಿರುಗಾಟ ಬಾಳ್ಯಾನದು. ಕೊನೆಗೆ ಗುಟ್ಟು ಈರ್ಯಾನ ಕಿವಿ ಮುಟ್ಟುವುದೂ ಬಾಳ್ಯಾನ ಬಾಯಿಂದಲೇ. ಸಂಗ್ಯಾನ ಹೆಣ ಬೀಳುತ್ತದೆ. ಗಂಗಿಗಾಗಿ ಅಳುವವರು ಅಳಲಿ, ನನಗೆ ಸಂಕಟ ಬಾಳ್ಯಾನದು.

ಹಿಮ್ಮೇಳದ ಕೆಲಸ ಕೇಳುವವರಿಗೆ ಸಣ್ಣದು. ಹಾಡುವವ ನುಡಿಯ ಬಾಲ ಬಿಟ್ಟ ಕೂಡಲೇ ನಾವು ಎತ್ತಿಕೊಳ್ಳಬೇಕು, ಅವನು ಉಸಿರು ತಗೊಂಡು ಒಂದು ಸುತ್ತು ಹಾಕಿ ಬರುವ ತನಕ ಎಳೆಯಬೇಕು. ಬೇಗ ಬಿಟ್ಟರೆ ಗಂಗಿ ನಡುದಾರಿಯಲ್ಲಿ ನಿಂತುಬಿಡುತ್ತಾಳೆ. (ನಮ್ಮ ಗಂಗಿ ಹಗಲು ಟ್ರ್ಯಾಕ್ಟರ್ ಹೊಡೆಯುವ ಹುಡುಗ, ಮೀಸೆ ಬೋಳಿಸಲು ಪ್ರತಿ ಸಲ ಜಗಳ.) ಮಾವನದು ಒಂದೇ ತಾಕೀತು: "ಬಾಳ್ಯಾ ಗುಟ್ಟ ಹೇಳೂ ಮುಂದ ತಾಳ ಮುಚ್ಚಿ ಹಿಡೀ ಅಳಿಯಾ, ಬಾರಸಬ್ಯಾಡ." ಒಮ್ಮೆ ತೂಕಡಿಕೆಯಲ್ಲಿ ಬಾರಿಸಿಬಿಟ್ಟೆ. ಈರ್ಯಾ ಮಾತೇ ಮರೆತ. ಅಂಗೈಯೊಳಗೆ ಕಂಚು ಬೆಚ್ಚಗಾಗುವಷ್ಟು ಹೊತ್ತು ಸುಮ್ಮನಿರುವುದನ್ನು ಕಲಿಯಲು ನನಗೆ ಮೂರು ಜಾತ್ರೆ ಹಿಡಿಯಿತು.

ಬೆಳಗಿನ ಬಸ್ಸಿನಲ್ಲಿ ವಾಪಸು. ತಗ್ಗು ಬಂದಾಗಲೆಲ್ಲ ಚೀಲದೊಳಗೆ ತಾಳ ಸದ್ದು ಮಾಡುತ್ತದೆ. ಪಕ್ಕದ ಅಜ್ಜಿ ಕೇಳಿದಳು: "ಏನ್ ಒಯ್ಯಾಕತ್ತೀಯೋ ಯಪ್ಪಾ, ಭಾಂಡೇನು?"

"ಹೂನಬೇ" ಅಂದೆ, ಚೀಲ ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಒತ್ತಿ ಹಿಡಿದೆ.